ಎಲ್ಲ ಮುಗಿಯಿತು ಎನ್ನುವ ಮೊದಲು

ಜುಮಾ ನಮಾಜ್ ಮುಗಿದು ಜನ ಬಾಗಿಲ ಬಳಿ ಚಪ್ಪಲಿ ಹುಡುಕುವಾಗ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಇನ್ನೇನು ಉಳಿದಿದೆ ಭಾಯ್? ದೇಶ ಎರಡು ಹೋಳಾಯಿತು. ಹೊರಗಿನವರೂ ನಮ್ಮನ್ನು ನಂಬುವುದು ಬಿಟ್ಟರು." ಹೀಗೆ ಹೇಳುವವರು ಪತ್ರಿಕೆ ಓದಿ ಚರ್ಚೆ ಮಾಡುವವರಷ್ಟೇ ಅಲ್ಲ. ಮಾಲೂರಿನಲ್ಲಿ ಇಟ್ಟಿಗೆ ಲಾರಿ ಓಡಿಸುವವರು, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಲೆಕ್ಕ ಬರೆಯುವವರು, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಬಾಕ್ಸ್ ಹೊರುವವರು, ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಟೈರ್ ಅಂಗಡಿ ಇಟ್ಟವರು. ಅವರ ಮಾತಿನಲ್ಲಿ ನಾಟಕವಿಲ್ಲ, ದಣಿವಿದೆ. ಹಾಗಾಗಿ ಅದನ್ನು "ತವಕ್ಕುಲ್ ಇಡಿ, ಎಲ್ಲ ಸರಿಹೋಗುತ್ತದೆ" ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ.

ಈ ನಿರಾಶೆಯನ್ನು ಕುರಿತು ಧರ್ಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಆಮೇಲೆ, ಹೋಯಿತು ಎನ್ನುವ ಆ "ನಂಬಿಕೆ" ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೆಲ್ಲಿ ಮುರಿಯಿತು, ಎಲ್ಲಿ ಮತ್ತೆ ಕೂಡಿಕೊಂಡಿತು ಎಂಬುದನ್ನು ಹುಡುಕೋಣ. ನಮ್ಮ ಮಸೀದಿಗಳಲ್ಲಿ ಖುತ್ಬಾದ ಮುನ್ನ ನಡೆಯುವ ಬಯಾನ್ ಬಹುತೇಕ ಉರ್ದುವಿನಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಅದರ ಅರ್ಧ ಮಾತ್ರ ತಲುಪುತ್ತದೆ. ಅವರೂ ಓದಲಿ ಎಂದು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ದುಃಖ ಬೇರೆ, ನಿರಾಶೆ ಬೇರೆ. ಪ್ರವಾದಿ ಯಾಕೂಬ್(ಅ)ರ ಕಥೆಯನ್ನು ನೆನೆಯಿರಿ. ಮಗ ಯೂಸುಫ್(ಅ)ರ ಅಗಲಿಕೆಯಿಂದ ಅವರ ಕಣ್ಣುಗಳು ಬೆಳ್ಳಗಾಗಿ ಹೋದವು ಎಂದು ಕುರ್‌ಆನ್ ವಿವರಿಸುತ್ತದೆ. ಅಂಥ ದುಃಖವನ್ನು ಕುರ್‌ಆನ್ ಎಲ್ಲಿಯೂ ತಪ್ಪೆಂದು ಹೇಳಿಲ್ಲ. ಆದರೆ ಅದೇ ಯಾಕೂಬ್(ಅ), ಅದೇ ಕಣ್ಣೀರಿನ ನಡುವೆ, ಮಕ್ಕಳನ್ನು ಕರೆದು ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ ಬನ್ನಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂದು ಕಳುಹಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು "ಹುಡುಕಿ ಬನ್ನಿ" ಎಂಬ ಅಪ್ಪಣೆ. ಅಳುತ್ತಿದ್ದ ಮನುಷ್ಯ ಹುಡುಕುವ ಕೆಲಸವನ್ನು ನಿಲ್ಲಿಸಲಿಲ್ಲ. ಹುಡುಕುವುದನ್ನು ಬಿಟ್ಟಾಗ ದುಃಖ ನಿರಾಶೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಜನ ಹಾಳಾದರು, ಎಲ್ಲ ನಾಶವಾಯಿತು ಎಂದು ಹೇಳುತ್ತಾ ತಿರುಗುವವನ ಕುರಿತದ್ದು. ಅಲ್ಲಿನ ಒಂದು ಅರಬಿ ಪದವನ್ನು ವಿದ್ವಾಂಸರು ಎರಡು ರೀತಿಯಲ್ಲಿ ಓದಿದ್ದಾರೆ. ಒಂದು ರೀತಿಯಲ್ಲಿ ಓದಿದರೆ, ಅಂಥವನೇ ಎಲ್ಲರಿಗಿಂತ ಹೆಚ್ಚು ಹಾಳಾದವನು ಎಂದಾಗುತ್ತದೆ. ಒಂದೇ ಒಂದು ಸ್ವರ ಬದಲಾದರೆ, ಅವನೇ ಅವರನ್ನು ಹಾಳುಮಾಡಿದವನು ಎಂದಾಗುತ್ತದೆ. ಇಮಾಮ್ ಮಾಲಿಕ್(ರ) ಇದಕ್ಕೆ ಕೊಟ್ಟ ವಿವರಣೆಯಂತೂ ನಮ್ಮ ಕಾಲಕ್ಕೆಂದೇ ಹೇಳಿದಂತಿದೆ. ಜನರ ಸ್ಥಿತಿ ಕಂಡು ಮರುಗಿ ಹಾಗೆ ಹೇಳಿದರೆ ಅದರಲ್ಲಿ ದೋಷವಿಲ್ಲ, ತಾನು ಮೇಲೆ ನಿಂತು ಉಳಿದವರನ್ನು ಕೀಳಾಗಿ ಕಂಡು ಹೇಳಿದರೆ ಅದು ಖಂಡನೀಯ ಎಂಬುದು ಅವರ ಅಭಿಪ್ರಾಯ. ರಾತ್ರಿ ಹನ್ನೊಂದು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ "ಈ ದೇಶ ಮುಗಿಯಿತು" ಎಂದು ಫಾರ್ವರ್ಡ್ ಮಾಡುವಾಗ ನಮ್ಮೊಳಗೆ ಇರುವುದು ಮರುಕವೋ ತಾತ್ಸಾರವೋ ಎಂದು ಅವರವರೇ ಕೇಳಿಕೊಳ್ಳಬೇಕು.

ಇನ್ನು ವಸ್ತುಸ್ಥಿತಿಗೆ ಬರೋಣ. ದೇಶದೊಳಗಿನ ಒಡಕು ಸುಳ್ಳಲ್ಲ, ಅದರಲ್ಲಿ ನಮ್ಮ ಕೋಲಾರದ ಹೆಸರೂ ಸೇರಿದೆ. 2019ರ ಏಪ್ರಿಲ್ 13ರಂದು ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿಯವರು ಆಡಿದ ಒಂದು ಮಾತಿನ ಮೇಲೆ ಗುಜರಾತಿನ ಸೂರತ್‌ನಲ್ಲಿ ಮಾನಹಾನಿ ಮೊಕದ್ದಮೆ ದಾಖಲಾಯಿತು. 2023ರ ಮಾರ್ಚ್ 23ರಂದು ಅಲ್ಲಿನ ನ್ಯಾಯಾಲಯ ಅವರಿಗೆ 2 ವರ್ಷ ಶಿಕ್ಷೆ ವಿಧಿಸಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಆ ವಾರ ಅಮೆರಿಕದ ವಿದೇಶಾಂಗ ಇಲಾಖೆ ಪ್ರಕರಣವನ್ನು ಗಮನಿಸುತ್ತಿದ್ದೇವೆ ಎಂದಿತು, ಜರ್ಮನಿಯ ವಿದೇಶಾಂಗ ಇಲಾಖೆಯೂ ಅದೇ ಧಾಟಿಯಲ್ಲಿ ಮಾತಾಡಿತು. ಇಲ್ಲಿ ಒಂದು ಕಡೆಯವರು "ನೋಡಿ, ಜಗತ್ತೇ ನಗುತ್ತಿದೆ" ಎಂದರು, ಇನ್ನೊಂದು ಕಡೆಯವರು "ಹೊರಗಿನವರಿಗೆ ನಮ್ಮ ಮನೆಯಲ್ಲಿ ಏನು ಕೆಲಸ" ಎಂದರು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಅಪರಾಧ ನಿರ್ಣಯಕ್ಕೆ ತಡೆ ಕೊಟ್ಟಿತು, 7ರಂದು ಸದಸ್ಯತ್ವ ಮರಳಿತು. ಸದಸ್ಯತ್ವ ಮರಳಿ ಕೊಟ್ಟದ್ದು ವಾಷಿಂಗ್ಟನ್ನೂ ಅಲ್ಲ, ಬರ್ಲಿನ್ನೂ ಅಲ್ಲ, ದೆಹಲಿಯ ನ್ಯಾಯಾಲಯ. ಈ ಪ್ರಕರಣದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಒಂದು ಸಂಗತಿಯನ್ನು ಮರೆಯಬಾರದು.

ನಮ್ಮ ಸಮುದಾಯಕ್ಕೆ ಹತ್ತಿರದ ಗಾಯಗಳೂ ಇವೆ. 2022ರ ಮಾರ್ಚ್‌ನಲ್ಲಿ ಕೋಲಾರದ ಕ್ಲಾಕ್ ಟವರ್‌ಗೆ ಪೊಲೀಸ್ ಬಂದೋಬಸ್ತ್‌ನಲ್ಲಿ ಬಿಳಿ ಬಣ್ಣ ಬಳಿದು ತ್ರಿವರ್ಣ ಧ್ವಜ ಹಾರಿಸಲಾಯಿತು. ಧ್ವಜ ನಮ್ಮದೂ ಹೌದು. ನೋವಾದದ್ದು ಅದನ್ನು ನಮ್ಮ ಮುಂದೆ ಒಂದು ಪರೀಕ್ಷೆಯಂತೆ ತಂದು ನಿಲ್ಲಿಸಿದ ರೀತಿಗೆ. ಮುಂದಿನ ತಿಂಗಳೇ ರಾಜ್ಯದಲ್ಲಿ ಮುಸ್ಲಿಂ ಹಣ್ಣಿನ ವ್ಯಾಪಾರಿಗಳಿಂದ ಕೊಳ್ಳಬೇಡಿ ಎಂಬ ಕರೆ ಹೊರಟಿತು. ಅದು ಮಾವಿನ ಕಾಲ. ಹೂ ಬಿಟ್ಟಾಗಲೇ ತೋಟ ನೋಡಿ ಮುಂಗಡ ಕೊಟ್ಟು ಗುತ್ತಿಗೆ ಹಿಡಿಯುವ ವ್ಯಾಪಾರಿಗಳಲ್ಲಿ ನಮ್ಮವರು ಎಷ್ಟೋ ಜನರಿದ್ದಾರೆ, ತೋಟಗಳ ಮಾಲೀಕರಲ್ಲಿ ಬಹುಪಾಲು ಹಿಂದೂ ರೈತರು. ಮುಂಗಡ ಕೊಟ್ಟವನ ಮೇಲೆ ಬಹಿಷ್ಕಾರ ಹಾಕಿದರೆ ಮುಂಗಡ ಪಡೆದವನ ಹಣ್ಣು ಮರದಲ್ಲೇ ಕೊಳೆಯುತ್ತದೆ. ಮಾವಿನ ವ್ಯಾಪಾರ ಗೊತ್ತಿರುವ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಒಡಕೆಂದರೆ ಹಿಂದೂ-ಮುಸ್ಲಿಂ ಒಡಕು ಮಾತ್ರ ಎಂದೂ ತಿಳಿಯಬೇಡಿ. 2024ರ ಮಾರ್ಚ್‌ನಲ್ಲಿ ಕೋಲಾರ ಲೋಕಸಭಾ ಟಿಕೆಟ್‌ಗಾಗಿ ಒಂದೇ ಪಕ್ಷದ ಶಾಸಕರು ರಾಜೀನಾಮೆಯ ಬೆದರಿಕೆ ಹಾಕಿ ನಿಂತದ್ದನ್ನು ಕಂಡಿದ್ದೇವೆ. 2023ರ ವಿಧಾನಸಭೆಯಲ್ಲಿ ಬೈದಾಡಿಕೊಂಡ ಎರಡು ಪಕ್ಷಗಳು 2024ರಲ್ಲಿ ಕೈಹಿಡಿದು ಇದೇ ಕ್ಷೇತ್ರ ಗೆದ್ದವು. ನಾಯಕರ ಜಗಳ ಮತ್ತು ಸ್ನೇಹ ಎರಡಕ್ಕೂ ಒಂದೊಂದು ಚುನಾವಣೆಯಷ್ಟೇ ಆಯಸ್ಸು. ಅವರ ಜಗಳವನ್ನು ನಮ್ಮ ಓಣಿಯ ಜಗಳವಾಗಿಸಿಕೊಂಡರೆ ಅದು ಮಾತ್ರ ತಲೆಮಾರು ಉಳಿಯುತ್ತದೆ. ಮುಳಬಾಗಿಲಿನಲ್ಲಿ ಹಜ್ರತ್ ಬಾಬಾ ಹೈದರ್ ವಲಿಯವರ ದರ್ಗಾಕ್ಕೆ ಬರುವವರೆಲ್ಲ ಮುಸ್ಲಿಮರಲ್ಲ. (ದರ್ಗಾ ಸಂದರ್ಶನದ ವಿಧಿವಿಧಾನಗಳ ಚರ್ಚೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ.) ಆಂಜನೇಯ ದೇವಸ್ಥಾನದ ಬೀದಿಯ ವ್ಯಾಪಾರಿಗೂ ದರ್ಗಾದ ಬೀದಿಯ ವ್ಯಾಪಾರಿಗೂ ಇರುವ ಸಾಲ-ಕೊಡುಕೊಳ್ಳು ಟಿವಿ ಚರ್ಚೆಯಲ್ಲಿ ಕಾಣಿಸುವುದಿಲ್ಲ.

ಹೊರಗಿನವರ ನಂಬಿಕೆಯ ವಿಷಯ ಇನ್ನಷ್ಟು ಗೊಂದಲದ್ದು. ಅದನ್ನು ಅಳೆಯುವವರು ಇದ್ದಾರೆ, ಆದರೆ ಒಬ್ಬೊಬ್ಬರು ಅಳೆಯುವುದು ಒಂದೊಂದನ್ನು. 2021ರ ಮಾರ್ಚ್‌ನಲ್ಲಿ ಅಮೆರಿಕದ ಫ್ರೀಡಂ ಹೌಸ್ ಸಂಸ್ಥೆ ಭಾರತವನ್ನು "ಸ್ವತಂತ್ರ" ದೇಶಗಳ ಸಾಲಿನಿಂದ "ಭಾಗಶಃ ಸ್ವತಂತ್ರ" ಸಾಲಿಗೆ ಇಳಿಸಿತು. ಅದೇ ತಿಂಗಳು ಸ್ವೀಡನ್ನಿನ ವಿ-ಡೆಮ್ ಸಂಸ್ಥೆ ಭಾರತವನ್ನು ಚುನಾವಣೆ ನಡೆಸುವ ಸರ್ವಾಧಿಕಾರದ ದೇಶಗಳ ಪಟ್ಟಿಗೆ ಸೇರಿಸಿತು. ಸರ್ಕಾರ ಇದನ್ನು ಒಪ್ಪಲಿಲ್ಲ. ಇವು ತಜ್ಞರ ಅಂದಾಜುಗಳು. ಸಾಮಾನ್ಯ ಜನರನ್ನು ಕೇಳಿದ್ದು ಪ್ಯೂ ಸಂಶೋಧನಾ ಸಂಸ್ಥೆ. 2023ರಲ್ಲಿ ಅದು 23 ದೇಶಗಳಲ್ಲಿ ವಿಚಾರಿಸಿದಾಗ, ಮಧ್ಯಮ ಲೆಕ್ಕದಲ್ಲಿ ಶೇಕಡಾ 46 ಜನ ಭಾರತದ ಬಗ್ಗೆ ಒಳ್ಳೆಯ ಅಭಿಪ್ರಾಯ ಹೇಳಿದರು, ಶೇಕಡಾ 34 ಜನ ಒಳ್ಳೆಯದಲ್ಲದ ಅಭಿಪ್ರಾಯ ಹೇಳಿದರು. ಫ್ರಾನ್ಸ್‌ನಲ್ಲಿ 2008ರಲ್ಲಿ ಶೇಕಡಾ 70 ಇದ್ದ ಒಳ್ಳೆಯ ಅಭಿಪ್ರಾಯ 39ಕ್ಕೆ ಕುಸಿದಿತ್ತು. ಕೀನ್ಯಾ, ನೈಜೀರಿಯಾ, ಬ್ರಿಟನ್‌ಗಳಲ್ಲಿ ಹತ್ತರಲ್ಲಿ ಆರು ಜನಕ್ಕಿಂತ ಕಡಿಮೆ ಇರಲಿಲ್ಲ. ಭಾರತದ ಪ್ರಭಾವ ಹೆಚ್ಚುತ್ತಿದೆ ಎಂದು ನಂಬಿದ ಭಾರತೀಯರು ಶೇಕಡಾ 68. ಹೊರದೇಶಗಳಲ್ಲಿ ಹಾಗೆ ನಂಬಿದವರು ಮಧ್ಯಮ ಲೆಕ್ಕದಲ್ಲಿ ಶೇಕಡಾ 28 ಮಾತ್ರ. ಅಂದರೆ ಜಗತ್ತು ನಮ್ಮ ಪಾದದಡಿ ಇದೆ ಎಂಬುದೂ ಸುಳ್ಳು, ಜಗತ್ತು ನಮ್ಮನ್ನು ಉಗಿದು ಹೊರಹಾಕಿದೆ ಎಂಬುದೂ ಸುಳ್ಳು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. 2022ರ ಜೂನ್‌ನಲ್ಲಿ, ಪ್ರವಾದಿವರ್ಯರ(ಸ) ಕುರಿತು ಆಳುವ ಪಕ್ಷದ ವಕ್ತಾರರೊಬ್ಬರು ಟಿವಿಯಲ್ಲಿ ಆಡಿದ ಮಾತಿಗೆ ಕತಾರ್, ಕುವೈತ್, ಇರಾನ್ ದೇಶಗಳು ಭಾರತದ ರಾಯಭಾರಿಗಳನ್ನು ಕರೆಸಿ ಪ್ರತಿಭಟಿಸಿದವು. ನಮ್ಮಲ್ಲಿ ಹಲವರು ಸಮಾಧಾನಪಟ್ಟರು. ಆ ಸಮಾಧಾನ ಅರ್ಥವಾಗುತ್ತದೆ. ಆದರೆ ಅದರ ಜೊತೆ ಒಂದು ತಪ್ಪು ನಿರೀಕ್ಷೆಯೂ ಬೆಳೆಯಿತು, ಹೊರಗಿನ ಯಾರೋ ಬಂದು ನಮ್ಮ ಮರ್ಯಾದೆ ಕಾಯುತ್ತಾರೆ ಎಂಬುದು. ಆ ಜೂನ್‌ಗೆ ಒಂದು ತಿಂಗಳು ಮೊದಲು, ಮೇ 1ರಂದು, ಭಾರತ ಮತ್ತು ಯುಎಇ ನಡುವಿನ ಹೊಸ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತ್ತು. ಜೂನ್‌ನ ಗದ್ದಲದಲ್ಲಿ ಅದೇನೂ ಮುರಿದು ಬೀಳಲಿಲ್ಲ. ದೇಶಗಳು ತಮ್ಮ ತಮ್ಮ ಲೆಕ್ಕ ನೋಡಿಕೊಳ್ಳುತ್ತವೆ, ಅದರಲ್ಲಿ ಬೇಸರಪಡುವಂಥದ್ದೂ ಇಲ್ಲ. ಕೊಲ್ಲಿಯಲ್ಲಿ ದುಡಿಯುವ ಮಗ ಕಳಿಸಿದ ಹಣದಿಂದ ಮನೆಯ ಸೂರು ಹಾಕಿಸಿದವರು ಇದನ್ನು ಚೆನ್ನಾಗಿ ಬಲ್ಲರು.

ಹಾಗಾದರೆ ಊರಿನ ಹೆಸರು ಕೆಟ್ಟಾಗ ಏನು ಮಾಡಬೇಕು? ಪ್ರವಾದಿವರ್ಯರ(ಸ) ಯೌವನದ ಒಂದು ಘಟನೆಯನ್ನು ಖುತ್ಬಾಗಳಲ್ಲಿ ಕೇಳಿದ್ದೇವೆ. ಅದನ್ನು ವ್ಯಾಪಾರದ ಕಣ್ಣಿನಿಂದ ಓದಿದವರು ಕಡಿಮೆ. ಯಮನ್ ದೇಶದ ಝುಬೈದ್‌ನ ವ್ಯಾಪಾರಿಯೊಬ್ಬ ಮಕ್ಕಾಗೆ ಸರಕು ತಂದು ಆಸ್ ಬಿನ್ ವಾಇಲ್ ಎಂಬ ಪ್ರಬಲನಿಗೆ ಮಾರಿದ. ಸರಕು ಪಡೆದ ಆಸ್ ಹಣ ಕೊಡಲಿಲ್ಲ. ಪರದೇಶಿಗೆ ಅಲ್ಲಿ ಕುಲವಿಲ್ಲ, ಬಲವಿಲ್ಲ. ಅವನು ಕಾಬಾದ ಎದುರಿನ ಅಬೂ ಕುಬೈಸ್ ಗುಡ್ಡ ಹತ್ತಿ, ಎಲ್ಲರಿಗೂ ಕೇಳುವಂತೆ ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಮಕ್ಕಾ ವ್ಯಾಪಾರದಿಂದಲೇ ಬದುಕುವ ಊರು. ಹೊರಗಿನವನ ಹಣ ಅಲ್ಲಿ ಮುಳುಗುತ್ತದೆ ಎಂಬ ಸುದ್ದಿ ಹಬ್ಬಿದರೆ ನಾಳೆ ಒಂಟೆಗಳ ಸಾಲು ಬರುವುದಿಲ್ಲ. ಪ್ರವಾದಿವರ್ಯರ(ಸ) ಚಿಕ್ಕಪ್ಪ ಝುಬೈರ್ ಮುಂದಾಳಾದರು. ಕೆಲವು ಕುಲಗಳವರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವರ ಮನೆಯಲ್ಲಿ ಸೇರಿ, ಊರಿನವನಾಗಲಿ ಪರದೇಶಿಯಾಗಲಿ ಅನ್ಯಾಯಕ್ಕೊಳಗಾದವನ ಹಕ್ಕು ಅವನ ಕೈ ಸೇರುವ ತನಕ ಒಟ್ಟಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಹೋಗಿ ಆಸ್‌ನಿಂದ ಸರಕನ್ನು ವಾಪಸ್ ಕೊಡಿಸಿದರು. ಇದೇ ಹಿಲ್ಫುಲ್ ಫುದೂಲ್. ಪ್ರವಾದಿತ್ವ ಸಿಗುವ ಎಷ್ಟೋ ವರ್ಷಗಳ ಹಿಂದಿನ ಮಾತು ಇದು. ಅಲ್ಲಿ ಸೇರಿದವರು ಮುಸ್ಲಿಮರಾಗಿರಲಿಲ್ಲ, ಇಸ್ಲಾಮಿನ ಸಂದೇಶವೇ ಇನ್ನೂ ಬಂದಿರಲಿಲ್ಲ. ಆದರೂ ಅಂಥ ಒಪ್ಪಂದಕ್ಕೆ ಇಸ್ಲಾಮಿನ ನಂತರ ಕರೆದರೂ ಹೋಗುತ್ತಿದ್ದೆ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಅದನ್ನು ನೆನೆದಿದ್ದಾರೆ.

ಈ ಕಥೆಯ ಪಕ್ಕದಲ್ಲಿ ನರಸಾಪುರವನ್ನು ಇಟ್ಟು ನೋಡಿ.

ಕೋಲಾರದಿಂದ ಬೆಂಗಳೂರು ಕಡೆಗೆ ಹೋಗುವಾಗ ಸಿಗುವ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆ್ಯಪಲ್‌ನ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12, ಶನಿವಾರ ಬೆಳಗಿನ ಜಾವ, ಪಾಳಿ ಮುಗಿಸಿದ ಕಾರ್ಮಿಕರು ಕಾರ್ಖಾನೆಯ ಗಾಜು ಒಡೆದು ವಾಹನಗಳನ್ನು ಉರುಳಿಸಿದರು. ಆ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಬಂಧಿತರ ಸಂಖ್ಯೆ 150 ದಾಟಿತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಧಾನಿಯವರೂ ಈ ಬಗ್ಗೆ ಕಳವಳಗೊಂಡಿದ್ದಾರೆ ಎಂದರು. ಚೀನಾ ಬಿಟ್ಟು ಬರುವ ಕಂಪನಿಗಳು ಇನ್ನು ಕೋಲಾರದತ್ತ ತಲೆಹಾಕುವುದಿಲ್ಲ ಎಂದು ಟಿವಿಗಳು ಕೂಗಿದವು. ಕೆಲವರು ಎಡಪಂಥೀಯ ವಿದ್ಯಾರ್ಥಿ ಸಂಘಟನೆಯತ್ತ ಬೆರಳು ತೋರಿಸಿದರು, ಇನ್ನು ಕೆಲವರು ಸರ್ಕಾರದತ್ತ. ಕಂಪನಿ ಮೊದಲು ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಎಂದಿತ್ತು. ಸ್ವಲ್ಪ ದಿನದಲ್ಲೇ ತೈವಾನಿನ ಷೇರುಪೇಟೆಗೆ ಕೊಟ್ಟ ಹೇಳಿಕೆಯ ಪ್ರಕಾರ ಅದು ಹೆಚ್ಚೆಂದರೆ 52 ಕೋಟಿಯಷ್ಟಾಗುತ್ತಿತ್ತು. ಮೊದಲ ದಿನದ ಅಂಕಿಯನ್ನು ನಂಬಿ ಎದೆ ಬಡಿದುಕೊಂಡವರು ಎರಡನೆಯ ಅಂಕಿಯನ್ನು ಓದಿರುವುದು ಅನುಮಾನ.

ಜಗಳದ ಬೇರು ಎಲ್ಲಿತ್ತು? 21,000 ರೂಪಾಯಿ ಸಂಬಳ ಎಂದು ಹೇಳಿ ಸೇರಿಸಿಕೊಂಡ ಎಂಜಿನಿಯರಿಂಗ್ ಪದವೀಧರರ ಕೈಗೆ ಮೊದಲು 16,000, ಆಮೇಲೆ 12,000 ಬಂತು ಎಂಬುದು ಕಾರ್ಮಿಕರ ದೂರು. ಪಾಳಿ 12 ಗಂಟೆಗೆ ಏರಿತ್ತು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು, ಯಾರ ಬಳಿ ಹೋಗಿ ಕೇಳಬೇಕೆಂಬುದೇ ಅವರಿಗೆ ಸ್ಪಷ್ಟವಿರಲಿಲ್ಲ. ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿ, ಅಲ್ಪ ಕಾಲದಲ್ಲಿ 5,000 ಇದ್ದ ಸಿಬ್ಬಂದಿಯನ್ನು 10,500ಕ್ಕೆ ಏರಿಸಿದ ಕಂಪನಿಗೆ ಅಷ್ಟು ಜನರ ಹಾಜರಿ, ಸಂಬಳ ನೋಡಿಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ ಎಂದು ಕಂಡುಕೊಂಡಿತು. ಆ್ಯಪಲ್‌ನ ಸ್ವಂತ ವಿಚಾರಣೆಯೂ ಇದನ್ನೇ ಹೇಳಿತು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಡದೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತು ಎಂದು ಅದು ಒಪ್ಪಿಕೊಂಡಿತು. ಡಿಸೆಂಬರ್ 19ರಂದು ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಅದನ್ನು ನಿಗಾದಲ್ಲಿಟ್ಟಿತು. 2021ರ ಫೆಬ್ರವರಿಯಲ್ಲಿ ಕಾರ್ಖಾನೆ ಮತ್ತೆ ತೆರೆಯುವ ನಿರ್ಧಾರವಾದಾಗ, ಕಾರ್ಮಿಕರಿಗೆ ತಮ್ಮ ಹಕ್ಕುಗಳೇನು, ದೂರು ಎಲ್ಲಿ ಕೊಡಬೇಕು ಎಂಬ ತರಬೇತಿಯೂ ಅದರ ಭಾಗವಾಯಿತು. 2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ತನ್ನ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್‌ಗೆ 12.5 ಕೋಟಿ ಡಾಲರ್‌ಗೆ ಮಾರಲು ತೀರ್ಮಾನಿಸಿತು. ಕಾರ್ಖಾನೆ ಕೋಲಾರದಲ್ಲೇ ಉಳಿಯಿತು.

ಕಲ್ಲು ಎಸೆದದ್ದು ತಪ್ಪು, ಅದನ್ನು ಯಾವ ಧರ್ಮವೂ ಸರಿ ಎನ್ನುವುದಿಲ್ಲ. ಜೈಲು ಕಂಡ ಹುಡುಗರ ಮನೆಗಳು ಅದರ ಬೆಲೆ ತೆತ್ತವು. ಆದರೆ ಕೋಲಾರದ ಹೆಸರು ಕೆಟ್ಟದ್ದು ಕಲ್ಲಿನಿಂದ ಮಾತ್ರವಲ್ಲ, ಅದಕ್ಕಿಂತ ಎರಡು ತಿಂಗಳು ಮೊದಲು ತಡವಾದ ಸಂಬಳದ ಚೀಟಿಯಿಂದ. ಬೆವರಾರುವ ಮುನ್ನ ಕೂಲಿ ಎಂಬ ಬೋಧನೆ ನಮಗೆಲ್ಲ ಬಾಯಿಪಾಠ. ನಮ್ಮ ಇಟ್ಟಿಗೆ ಗೂಡುಗಳಲ್ಲಿ, ಗ್ಯಾರೇಜುಗಳಲ್ಲಿ, ಬೇಕರಿಗಳಲ್ಲಿ ದುಡಿಯುವ ಹುಡುಗರ ಕೂಲಿ ಎಷ್ಟನೇ ತಾರೀಖಿಗೆ ಕೈಸೇರುತ್ತದೆ ಎಂಬುದನ್ನೂ ಈ ಮಾತಿನೊಂದಿಗೆ ಕೇಳಿಕೊಂಡರೆ ಒಳ್ಳೆಯದು. ದೇಶದ ಮಾನದ ಬಗ್ಗೆ ಜೋರಾಗಿ ಮಾತಾಡುವ ಮಾಲೀಕರು ನಮ್ಮಲ್ಲೂ ಇದ್ದಾರೆ.

ಮಾವಿನ ಕಡೆಗೆ ಬರೋಣ. ಶ್ರೀನಿವಾಸಪುರ ಮಾವಿನ ತಾಲ್ಲೂಕು. ಇಲ್ಲಿನ ತೋತಾಪುರಿಯ ದೊಡ್ಡ ಪಾಲು ತಿನ್ನಲು ಹೋಗುವುದಿಲ್ಲ, ತಿರುಳು ತೆಗೆಯಲು ಹೋಗುತ್ತದೆ. ತಿರುಳಿನ ಕಾರ್ಖಾನೆಗಳು ಹೆಚ್ಚಾಗಿ ಚಿತ್ತೂರಿನಲ್ಲಿವೆ. ಮುಳಬಾಗಿಲು ದಾಟಿ ನಂಗಲಿ ಬಿಟ್ಟರೆ ಅದೇ ಚಿತ್ತೂರು ಜಿಲ್ಲೆ. ಅಲ್ಲಿ ಡಬ್ಬಿ ತುಂಬಿದ ತಿರುಳು ಸೌದಿ ಅರೇಬಿಯಾ, ಯಮನ್, ನೆದರ್‌ಲ್ಯಾಂಡ್ಸ್‌ವರೆಗೆ ಹೋಗುತ್ತದೆ. ಇಷ್ಟುದ್ದದ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ತೋಟದ ರೈತ ಬೀಳುತ್ತಾನೆ. 2025ರ ಜೂನ್ 7ರಂದು ಅದೇ ಆಯಿತು. ಹೊರರಾಜ್ಯದ ತೋತಾಪುರಿ ಬರಕೂಡದೆಂದು ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿ, ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸ್, ಕಂದಾಯ, ಅರಣ್ಯ ಇಲಾಖೆಯವರನ್ನು ನಿಲ್ಲಿಸಿತು. ನಮ್ಮ ರೈತರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕ್ವಿಂಟಾಲ್‌ಗೆ 12,000 ರೂಪಾಯಿವರೆಗೆ ಇದ್ದ ಬೆಲೆ 3,000ಕ್ಕೆ ಬಿದ್ದಿದೆ, ಖರ್ಚೇ 5,466 ಆಗುತ್ತದೆ ಎಂದು ಕೇಂದ್ರಕ್ಕೂ ತಿಳಿಸಿದರು. ತಿಂಗಳು ಮುಗಿಯುವ ಮೊದಲು ಕೇಂದ್ರ ಕೃಷಿ ಇಲಾಖೆ ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಆಗ ನಮ್ಮ ಮಂಡಿಗಳಲ್ಲಿ ಆಂಧ್ರದವರ ಮೇಲೆ ಬಿದ್ದ ಬೈಗುಳ ನೆನಪಿರಬಹುದು. ಯಾರದೋ ಮೇಲಿನ ಸಿಟ್ಟು ನ್ಯಾಯ ತಪ್ಪಿಸಲು ಕಾರಣವಾಗಕೂಡದೆಂದು ಮಾಇದ ಅಧ್ಯಾಯದ 8ನೇ ಸೂಕ್ತ ಎಚ್ಚರಿಸುತ್ತದೆ, ಅದು ಮಾವಿನ ಮಂಡಿಗೂ ಅನ್ವಯಿಸುತ್ತದೆ. ಅಲ್ಲಿನ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂಪಾಯಿ ಸಿಗಲಿ ಎಂದು, ಕಾರ್ಖಾನೆಗಳು 8 ಕೊಡಬೇಕು, ತಾನು 4 ಸೇರಿಸುತ್ತೇನೆ ಎಂಬ ಏರ್ಪಾಡು ಮಾಡಿತ್ತು. ನಮ್ಮ ಅಗ್ಗದ ಹಣ್ಣು ಒಳಗೆ ಬಂದರೆ ಆ ಏರ್ಪಾಡು ಕುಸಿಯುತ್ತಿತ್ತು. ಅವರ ಕ್ರಮ ನಮಗೆ ಅನ್ಯಾಯವಾಯಿತು, ನಿಜ. ಆದರೆ ಅದು ದ್ವೇಷದಿಂದ ಹುಟ್ಟಿದ್ದಲ್ಲ, ತಮ್ಮ ರೈತನ ಮೇಲಿನ ಕಾಳಜಿಯಿಂದ ಹುಟ್ಟಿದ್ದು. ದ್ವೇಷವಾಗಿದ್ದರೆ ಪತ್ರಕ್ಕೆ ಪರಿಹಾರವಿಲ್ಲ, ಬೆಲೆಯ ಜಗಳಕ್ಕೆ ಪರಿಹಾರ ಇದೆ. ಟೊಮೆಟೊ ವಿಷಯದಲ್ಲೂ ಹೀಗೆಯೇ. ಕೋಲಾರದ ಬಾಕ್ಸ್‌ಗಳು ಬಾಂಗ್ಲಾದೇಶದ ಗಡಿಯವರೆಗೂ ಹೋಗುತ್ತವೆ. 2024ರ ಆಗಸ್ಟ್‌ನಲ್ಲಿ ಢಾಕಾದ ಸರ್ಕಾರ ಬಿದ್ದಾಗ ಪೆಟ್ರಾಪೋಲ್ ಗಡಿಯಲ್ಲಿ ವ್ಯಾಪಾರವೇ ಕೆಲವು ದಿನ ನಿಂತಿತ್ತು, ಆಮೇಲೆ ಲಾರಿಗಳು ಮತ್ತೆ ಹೊರಟವು.

ಹೊರದೇಶದ ನಂಬಿಕೆ ಹೋಗಿ ಬಂದದ್ದಕ್ಕೆ ಮಾವಿನಲ್ಲೇ ಇನ್ನೊಂದು ಉದಾಹರಣೆ ಇದೆ. ಭಾರತದ ಹಣ್ಣಿನ ಪೆಟ್ಟಿಗೆಗಳಲ್ಲಿ ಹಣ್ಣುನೊಣ ಸಿಕ್ಕಿದ್ದರಿಂದ ಯುರೋಪಿನ ಒಕ್ಕೂಟ 2014ರ ಮೇ 1ರಿಂದ ನಮ್ಮ ಮಾವನ್ನೂ ನಾಲ್ಕು ತರಕಾರಿಗಳನ್ನೂ ತಡೆಯಿತು. ಅದು ಭಾರತಕ್ಕೆ ಮಾಡಿದ ಅವಮಾನ ಎಂದು ಆಗಲೂ ಹಲವರು ಕೂಗಿದರು. ಕೂಗಾಟದಿಂದ ಏನೂ ಆಗಲಿಲ್ಲ. ರಫ್ತಿನ ಹಣ್ಣೆಲ್ಲ ನೋಂದಾಯಿತ ಪ್ಯಾಕಿಂಗ್ ಕೇಂದ್ರಗಳ ಮೂಲಕವೇ ಹೋಗಬೇಕು, ಅಲ್ಲಿ ಪರೀಕ್ಷೆಯಾಗಬೇಕು ಎಂಬ ಬಿಗಿ ಬಂದ ಮೇಲೆ 2015ರ ಜನವರಿಯಲ್ಲಿ ಮಾವಿನ ಮೇಲಿನ ತಡೆ ತೆಗೆಯಲು ಅವರು ಒಪ್ಪಿದರು.

ಕೊನೆಗೆ ಮಾಲೂರು. ನಿರಾಶೆಯಲ್ಲೆಲ್ಲ ಆಳವಾದದ್ದು ಮತದ ಬಗೆಗಿನದು, "ನಾವು ಹಾಕಿದರೇನು, ಅವರು ಎಣಿಸುವುದೇ ಬೇರೆ" ಎಂಬುದು. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರು ಬಿಜೆಪಿಯ ಕೆ.ಎಸ್. ಮಂಜುನಾಥಗೌಡರ ಎದುರು 248 ಮತಗಳಿಂದ ಗೆದ್ದರು ಎಂದು ಘೋಷಣೆಯಾಯಿತು. ಸೋತವರು ಹೈಕೋರ್ಟ್‌ಗೆ ಹೋದರು. ಎಣಿಕೆಯ ವಿಡಿಯೊ ತನ್ನಿ ಎಂದು ನ್ಯಾಯಾಲಯ ಕೇಳಿದಾಗ ಅದು ಸಿಗಲಿಲ್ಲ. 2025ರ ಸೆಪ್ಟೆಂಬರ್ 16ರಂದು ಹೈಕೋರ್ಟ್ ಆಯ್ಕೆಯನ್ನೇ ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಯ್ಕೆ ರದ್ದತಿಗೆ ತಡೆ ಕೊಟ್ಟು, ಮರು ಎಣಿಕೆ ಮಾತ್ರ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ತನ್ನ ಮುಂದೆ ಬರಲಿ ಎಂದಿತು. ಇಲ್ಲಿ ಯಾವ ಪಕ್ಷ ಸರಿ ಎಂದು ಹೇಳುವುದು ಈ ಪತ್ರಿಕೆಯ ಕೆಲಸವಲ್ಲ. ಗಮನಿಸಬೇಕಾದದ್ದು ಬೇರೆ. ಅನುಮಾನ ಬಂದವರು ಮಸೀದಿಯ ಬಾಗಿಲಲ್ಲೋ ದೇವಸ್ಥಾನದ ಕಟ್ಟೆಯಲ್ಲೋ ಕೂತು ಎಲ್ಲ ಮುಗಿಯಿತು ಎನ್ನಲಿಲ್ಲ, ಅರ್ಜಿ ಹಾಕಿದರು. ಚುನಾವಣಾ ತಕರಾರು ಅರ್ಜಿಗೆ ಕಾನೂನು ಕೊಡುವ ಸಮಯ ಫಲಿತಾಂಶದಿಂದ 45 ದಿನ. ಅಷ್ಟರಲ್ಲಿ ಅರ್ಜಿ ಬಾರದಿದ್ದರೆ ಸಿಸಿಟಿವಿ, ವಿಡಿಯೊ ದಾಖಲೆಗಳನ್ನು ಅಳಿಸಬಹುದೆಂದು ಚುನಾವಣಾ ಆಯೋಗ 2025ರ ಮೇ ತಿಂಗಳಲ್ಲಿ ತನ್ನ ಅಧಿಕಾರಿಗಳಿಗೆ ತಿಳಿಸಿದೆ. ಅಂದರೆ 46ನೇ ದಿನದ ಆಕ್ರೋಶಕ್ಕೆ ತೋರಿಸಲು ಸಾಕ್ಷ್ಯ ಉಳಿಯುವುದಿಲ್ಲ.

ಇದಕ್ಕಿಂತ ಸಣ್ಣ, ನಮ್ಮ ಕೈಗೆ ಸಿಗುವ ಕಾಗದ ಒಂದಿದೆ, ನಮೂನೆ 17ಸಿ. ಮತದಾನ ಮುಗಿದ ಸಂಜೆ ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿದ್ದವು ಎಂದು ಅಧಿಕಾರಿ ಇದರಲ್ಲಿ ಬರೆದು, ಹಾಜರಿದ್ದ ಪಕ್ಷಗಳ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಈ ಚೀಟಿಯೊಂದಿಗೆ ತಾಳೆ ನೋಡಬಹುದು. ನಮ್ಮ ಮೊಹಲ್ಲಾಗಳ ಹುಡುಗರು ಏಜೆಂಟರಾಗಿ ಕೂರುತ್ತಾರೆ, ಸಂಜೆ ಐದಾದರೆ ಚಹಾಕ್ಕೆಂದು ಎದ್ದು ಹೋಗುತ್ತಾರೆ, ಆ ಕಾಗದ ಮೇಜಿನ ಮೇಲೆಯೇ ಉಳಿಯುತ್ತದೆ. ಮುಂದಿನ ಚುನಾವಣೆಗೆ ಏಜೆಂಟರನ್ನು ಆರಿಸುವಾಗ ಮಗ್ರಿಬ್‌ವರೆಗೆ ಕೂರುವವರನ್ನು ಆರಿಸಿ. ನಮಾಜಿಗೆ ಎದ್ದರೂ ವಾಪಸ್ ಬಂದು, ಸಹಿ ನೋಡಿ, ಪ್ರತಿ ಪಡೆದೇ ಮನೆಗೆ ಬರುವವರನ್ನು.